ಎಳೆ ಎಣಿಸುವ ಧಾರವಾಡ

ಧಾರವಾಡಕ್ಕೆ ಹೋದವರು ಪೇಡೆ ಕಟ್ಟಿಸಿಕೊಂಡು ಮರಳುವುದು ವಾಡಿಕೆ. ಮಕ್ಕಳೊಂದಿಗೆ ಹೋದರೆ ಕಸೂತಿ ಸೀರೆಯನ್ನೂ ಬಿಡಿಸಿ ನೋಡಿ. ಯಂತ್ರದ ಕಸೂತಿಯೂ ಅಂಗಡಿಗೆ ಬಂದಿರುವುದರಿಂದ ಸೆರಗಿನ ಹಿಂಬದಿಯನ್ನು ನೋಡಲು ಮರೆಯಬೇಡಿ. ಕೈಕಸೂತಿಯಲ್ಲಿ ಗಂಟು ಇರುವುದಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ. ನೇಯ್ಗಿ ಮಗ್ಗದಲ್ಲೇ ನೇಯ್ದಂತಿರುತ್ತದೆ. ನಾಲ್ಕನೆಯದಾದ ಮೆಂತಿಯೇ ಗುಣಾಕಾರ ಚಿಹ್ನೆಯಂಥ ಕ್ರಾಸ್ ಸ್ಟಿಚ್.

ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ಯಾವುದಕ್ಕೂ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯುತ್ತದೆ. ಒಂದೇ ಒಂದು ಎಳೆ ತಪ್ಪಿದರೂ ಮರಳಿ ಬರುವ ದಾರ ಹೊರಟಲ್ಲಿಗೆ ಸೇರದು, ಬಿಚ್ಚಿ ಹೊಲಿಯಲೇಬೇಕು.

ಈ ಆನೆ, ತೇರುಗಳೆಲ್ಲ ಹೆಣ್ಣುಮಕ್ಕಳು ತಮ್ಮ ಸುತ್ತ ಕಂಡವು. ನಿಮ್ಮ ಮಕ್ಕಳೂ ತಾವು ಕಂಡ ಶಾಲೆಯ ಗಂಟೆಯನ್ನೋ ಊರಿನ ಬಸ್ಸನ್ನೋ ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಬರೆಯಲಿ. ಒಂದು ಚೌಕಕ್ಕೆ ಒಂದು ಹೊಲಿಗೆ. ಅಂಗುಲಕ್ಕೆ 14 ಹೊಲಿಗೆ ಹಿಡಿಯುವ ಬಟ್ಟೆಯಲ್ಲಿ 70 ಚೌಕದ ಬಸ್ಸು 5 ಅಂಗುಲ ಉದ್ದವಾಗುತ್ತದೆ. ಚಿತ್ರದ ನಡುವಿನಿಂದ ಆರಂಭಿಸಲಿ; ಮೇಲೆ ಬರುವ ಎಳೆಗಳೆಲ್ಲ ಒಂದೇ ಕಡೆ ವಾಲಿರಲಿ. ಕೊಂಡು ತಂದ ಮಾದರಿ ಹೊಲಿಯುವುದನ್ನು ಕಲಿಸುತ್ತದೆ. ಸ್ವಂತ ಮಾದರಿಯಾದರೆ, ನಿತ್ಯ ಏರುವ ಬಸ್ಸಿಗೆ ಕಿಟಕಿಗಳೆಷ್ಟು ಎಂಬುದನ್ನೂ ಮಕ್ಕಳು ನೋಡಿ ಬರಬೇಕಾಗುತ್ತದೆ.