ನೀರಿಗಿಳಿದ ಖಣ

ನಮ್ಮೂರು ಐಹೊಳೆ. ಹೆಸರಿನಲ್ಲಿ ಹೊಳೆ ಇದೆ, ಊರ ಮಗ್ಗುಲಲ್ಲಿ ಮಲಪ್ರಭೆ ಇದ್ದಾಳೆ. ಆದರೂ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಈಜು ಬರುತ್ತಿರಲಿಲ್ಲ. ನಾವು ಹೊಳೆಗೆ ಹೋಗುತ್ತಿದ್ದುದು ಬಟ್ಟೆ ಒಗೆಯಲು, ಕೊಡ ತುಂಬಲು. ಈಜುವುದೇನಿದ್ದರೂ ಅಣ್ಣತಮ್ಮಂದಿರ ಹಕ್ಕು. ಏಳು ವರ್ಷದವಳಿದ್ದಾಗ ಒಗೆಯುವ ಕಲ್ಲಿನ ಮೇಲಿಂದ ಜಾರಿ ಮಡುವಿಗೆ ಬಿದ್ದೆ. ಅವ್ವ ಜಡೆ ಹಿಡಿದು ಎಳೆದು ದಡಕ್ಕೆ ಹಾಕಿ, ಮೊದಲು ಬೆನ್ನಿಗೆ ನಾಲ್ಕು ಬಿಟ್ಟು, ಆಮೇಲೆ ಅಪ್ಪಿಕೊಂಡು ಅತ್ತಳು. ಅಂದಿನಿಂದ ಐವತ್ತು ವರ್ಷ, ತಂಬಿಗೆಯಿಂದ ಸುರುವಿಕೊಂಡದ್ದನ್ನು ಬಿಟ್ಟರೆ ಬೇರೆ ನೀರಿನ ಸಹವಾಸ ನನಗಿರಲಿಲ್ಲ.

ಇಂಥವಳ ಹೊಟ್ಟೆಯಲ್ಲಿ ಸಮುದ್ರದಲ್ಲಿ ಮುಳುಗುವ ಹುಚ್ಚಿನ ಮಗಳು ಹುಟ್ಟಿದಳು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದದ್ದನ್ನು ಅವಳು ನನಗೆ ಹೇಳಿದ್ದು ಮೂರು ತಿಂಗಳಾದ ಮೇಲೆ. ನಾನು ಮಾತು ಬಿಟ್ಟೆ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಬಂದಾಗ, ಅದೇ ನೇತ್ರಾಣಿಯ ನೀರಿಗೆ ಅಪ್ಪು ಇಳಿಯುವುದನ್ನು ನೋಡಿ ಟಾಕೀಸಿನಲ್ಲಿ ಕಣ್ಣೊರೆಸಿಕೊಂಡೆ. ಹೊರಗೆ ಬಂದು ಮಗಳೊಡನೆ ರಾಜಿಯಾದೆ. ತಪ್ಪಿದ್ದು ಅಲ್ಲಿಯೇ. "ಹಂಗಾದ್ರ ಈ ಸಲ ನೀನೂ ಬಾ ಅವ್ವಾ" ಎಂದುಬಿಟ್ಟಳು.

ಹೊರಟದ್ದು ಮಾಲ್ಡೀವ್ಸಿಗೆ. ಏಳು ರಾತ್ರಿ ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ದಿನಕ್ಕೆ ಮೂರು ಸಲ ಮುಳುಗುವುದು, ನಡುವೆ ಹಡಗು ಮುಂದಿನ ಹವಳದ ದಿಬ್ಬಕ್ಕೆ ಸಾಗುವುದು. ಇದಕ್ಕೆ ಲೈವ್‌ಅಬೋರ್ಡ್ ಎನ್ನುತ್ತಾರೆ. ಮುಳುಗದವರೂ ಹೋಗಬಹುದಂತೆ. ಸುದ್ದಿ ಕೇಳಿ ನಮ್ಮ ಯಜಮಾನರು, "ಹೋಗಿ ಬಾ, ನಮ್ಮೂರಿನವರಿಗೆ ಹಡಗು ಹೊಸದಲ್ಲ. ಇಮ್ಮಡಿ ಪುಲಿಕೇಶಿ ನೂರಾರು ಹಡಗು ತಗೊಂಡು ಪಶ್ಚಿಮ ಸಮುದ್ರದ ಪುರಿಯ ಮೇಲೆ ಹೋಗಿದ್ದನ್ನ ರವಿಕೀರ್ತಿ 634ರಾಗ ಮೇಗುಟಿ ಗುಡಿಯ ಗ್ವಾಡಿ ಮ್ಯಾಲೆ ಕೆತ್ತಿಸ್ಯಾನ" ಎಂದರು. ನೀವೂ ಬನ್ನಿ ಎಂದರೆ ಮಾತ್ರ ಬಿ.ಪಿ. ನೆನಪಾಯಿತು.

ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಡನೆ ಹಡಗು ಹತ್ತಿದೆ. ಒಳ್ಳೆಯದೇ ಆಯಿತು, ಅಲ್ಲಿ ಮೂರು ಹೊತ್ತೂ ಮೀನು. ದೊಡ್ಡ ಹಡಗಿನ ಹಿಂದೆ ಇನ್ನೊಂದು ಚಿಕ್ಕದು ಬರುತ್ತಿತ್ತು. ಸಿಲಿಂಡರುಗಳು, ಅವಕ್ಕೆ ಗಾಳಿ ತುಂಬುವ ಯಂತ್ರ, ಒದ್ದೆ ಉಡುಪು ಎಲ್ಲ ಅದರಲ್ಲೇ. ಆ ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಗೊತ್ತೆ? ದೋಣಿ! ಪರದೇಶದಲ್ಲಿ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ನಮ್ಮೂರ ಹೆಸರು ಹೊತ್ತ ಐನೂರ್ವರು ಎಂಬ ವರ್ತಕರ ಸಂಘ ಸುಮಾತ್ರದವರೆಗೂ ವ್ಯಾಪಾರಕ್ಕೆ ಹೋಗಿತ್ತು, ಅಲ್ಲಿ ಅವರ 1088ರ ಶಾಸನವಿದೆ. ಅವರ ಹೆಂಡಂದಿರು ಏನು ಮಾಡುತ್ತಿದ್ದರೋ, ಶಾಸನ ಹೇಳುವುದಿಲ್ಲ.

ಮಗಳ ಮುಖ್ಯ ಹುಚ್ಚು ನೀರೊಳಗಿನ ಫೋಟೋ. ಕ್ಯಾಮೆರಾವನ್ನು ಒಂದು ಗಟ್ಟಿ ಪೆಟ್ಟಿಗೆಯಲ್ಲಿ ಕೂರಿಸಬೇಕು. ಆ ಪೆಟ್ಟಿಗೆಯ ಬಾಯಿಗೆ ಒಂದು ರಬ್ಬರ್ ಬಳೆ. ನೋಡಿದ ಕೂಡಲೇ ಗುರುತು ಹತ್ತಿತು, ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟೇ! ಅದರ ಮೇಲೆ ಒಂದು ಮರಳಿನ ಕಣ, ಒಂದು ಕೂದಲು ಉಳಿದರೂ ಸಾಕು, ಆಳದಲ್ಲಿ ನೀರು ನುಗ್ಗಿ ಕ್ಯಾಮೆರಾ ಮುಗಿಯಿತು. ಮೂವತ್ತು ವರ್ಷ ಕುಕ್ಕರ್ ಕೂಗಿಸಿದವಳು ನಾನು, ಆ ಕೆಲಸ ನಾನೇ ವಹಿಸಿಕೊಂಡೆ. ಮೂರನೆಯ ದಿನ ಬಳೆಯನ್ನು ಬೆಳಕಿಗೆ ಹಿಡಿದಾಗ ಒಂದು ಉದ್ದನೆಯ ಬಿಳಿ ಕೂದಲು ಕಂಡಿತು. ಆ ಹಡಗಿನಲ್ಲಿ ಅಂಥ ತಲೆ ಒಂದೇ ಇತ್ತು. ಸದ್ದಿಲ್ಲದೆ ತೆಗೆದು ಗಾಳಿಗೆ ಬಿಟ್ಟೆ. ಮಗಳಿಗೆ ಇವತ್ತಿನವರೆಗೂ ಹೇಳಿಲ್ಲ. ಮರುದಿನದಿಂದ ತಲೆಗೆ ರುಮಾಲು ಸುತ್ತಿ ಕೂತೆ.

ಅವಳು ಕ್ಯಾಮೆರಾದ ಹಿಡಿಕೆಗೆ ಗುಳೇದಗುಡ್ಡದ ಕೆಂಪು ಖಣದ ತುಂಡೊಂದನ್ನು ಕಟ್ಟಿದ್ದಳು. ದೃಷ್ಟಿಗೋ ಎಂದು ಕೇಳಿದರೆ ನಕ್ಕಳು. ನೀರು ಎಲ್ಲಕ್ಕಿಂತ ಮೊದಲು ಕೆಂಪು ಬೆಳಕನ್ನು ನುಂಗುತ್ತದಂತೆ. ಹತ್ತು ಮೀಟರ್ ಕೆಳಗೆ ಹೋದರೆ ಕೆಂಪು ಎಂಬುದೇ ಇಲ್ಲ. ಅಲ್ಲಿ ತೆಗೆದ ಎರಡು ಫೋಟೋ ತೋರಿಸಿದಳು. ಒಂದರಲ್ಲಿ ಖಣ ಮಸಿಬಟ್ಟೆಯಂತೆ ಕಪ್ಪಗಿದೆ. ಇನ್ನೊಂದು ಫ್ಲ್ಯಾಶ್ ಹಾಕಿ ತೆಗೆದದ್ದು. ಅಂಗಡಿಯಲ್ಲಿ ಬಿಚ್ಚಿ ತೋರಿಸಿದಷ್ಟು ಕೆಂಪು. ಅಂದರೆ ಬಣ್ಣ ಎಲ್ಲಿಗೂ ಹೋಗಿರಲಿಲ್ಲ. ಆ ರಾತ್ರಿ ನನ್ನ ಇಳಕಲ್ ಸೀರೆಗಳ ತೋಪತೆನಿ ಸೆರಗುಗಳೆಲ್ಲ ಕಣ್ಣ ಮುಂದೆ ಬಂದವು. ಸಮುದ್ರದ ತಳದಲ್ಲಿ ಹೆಣ್ಣುಮಕ್ಕಳಿದ್ದರೆ ಇಳಕಲ್ಲಿನ ನೇಕಾರರ ಗತಿ ಏನು!

ನಾಲ್ಕನೆಯ ದಿನ ಆರಿ ಹವಳದ್ವೀಪಗಳ ಹತ್ತಿರ ಬೆಳಗಿನ ಮುಳುಗು. ಆರು ಜನ ಇಳಿದರು. ಒಂದು ತಾಸಿನೊಳಗೆ ಮೇಲೆ ಬರಬೇಕೆಂದು ನಿಯಮ. ಒಂದು ತಾಸಾಯಿತು, ನಾಲ್ಕು ಜನ ಬಂದರು. ಮಗಳೂ ಅಳಿಯಂದಿರೂ ಇಲ್ಲ. ಕೇಳಿದರೆ ದೋಣಿಯ ಹುಡುಗ ಕೈ ಬೀಸಿ 'ಸೆಳೆತ, ಸೆಳೆತ' ಎಂಬಂತೆ ತೋರಿಸಿದ. ಒಮ್ಮೆಲೆ ಮೇಲೆ ಬರುವಂತೆಯೂ ಇಲ್ಲ ಎಂದು ಮಗಳೇ ಹೇಳಿದ್ದಳು. ಆಳದಲ್ಲಿ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಗೋಲಿಸೋಡಾ ಒಡೆದಂತೆ ಅದು ಮೈಯೊಳಗೆ ಗುಳ್ಳೆಯೇಳಬಾರದೆಂದು ನಿಧಾನವಾಗಿ ಏರಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಆ ಮೂರು ನಿಮಿಷವನ್ನು ಎಷ್ಟು ಸಲ ಎಣಿಸಿದೆನೋ. ನೀರು ಮಾತ್ರ ಏನೂ ಆಗದವರಂತೆ ಹೊಳೆಯುತ್ತಿತ್ತು. ಬನಶಂಕರಿಗೆ ಏನೇನು ಹರಕೆ ಹೊತ್ತೆನೆಂದು ಇಲ್ಲಿ ಬರೆಯುವುದಿಲ್ಲ, ಇನ್ನೂ ಎರಡು ಬಾಕಿ ಇವೆ.

ದೂರದಲ್ಲಿ ಕಿತ್ತಳೆ ಬಣ್ಣದ ಉದ್ದನೆಯ ಚೀಲವೊಂದು ನೆಟ್ಟಗೆ ಎದ್ದು ನಿಂತಿತು. ಇಲ್ಲಿದ್ದೇವೆ ಎಂಬ ಗುರುತು ಅದು. ದೋಣಿ ಅತ್ತ ತಿರುಗಿತು. ಮಗಳು ಏಣಿ ಹತ್ತುತ್ತಲೇ, "ಅವ್ವಾ, ಮಾಂಟಾ! ಎರಡು ಮಾಂಟಾ!" ಎಂದಳು. ನಾನು ಒದ್ದೆ ಬೆನ್ನಿಗೆ ಒಂದು ಬಿಟ್ಟೆ. ಆಮೇಲೆ ಅಪ್ಪಿಕೊಂಡೆ. ಅಳಿಯಂದಿರು ಆ ಕಡೆ ಮುಖ ಮಾಡಿ ಪಾದಕ್ಕೆ ಕಟ್ಟಿದ ಈಜುರೆಕ್ಕೆ ಬಿಚ್ಚುತ್ತ ನಿಂತರು.

ಮಾಂಟಾ ಎಂದರೆ ಕಂಬಳಿ ಹರಡಿದಂಥ ದೊಡ್ಡ ಮೀನು. ಅದರ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳು ಒಂದರದು ಇನ್ನೊಂದಕ್ಕಿಲ್ಲವಂತೆ. ಫೋಟೋ ನೋಡಿಯೇ ಇದು ಇಂಥದ್ದೆಂದು ಗುರುತು ಹಿಡಿದು ಲೆಕ್ಕ ಇಡುತ್ತಾರಂತೆ. ಅದಕ್ಕೇ ಅದರ ಹಿಂದೆ ಹೋಗಿ ತಡವಾಯಿತಂತೆ. ಸತ್ತ ಹವಳದ ಚಿತ್ರಗಳೂ ಇದ್ದವು. 1998ರಲ್ಲಿ, ಮತ್ತೆ 2016ರಲ್ಲಿ ಕಡಲು ಕಾದು ಹವಳ ಬಿಳಿಚಿ ಸತ್ತ ಕಡೆ ಬರೀ ಬೂದಿ ಬಣ್ಣದ ಕಲ್ಲುರಾಶಿ. ಹಾಳು ಗುಡಿಗಳ ನಡುವೆ ಬೆಳೆದ ನನಗೂ ಅದನ್ನು ನೋಡಲಾಗಲಿಲ್ಲ.

ಮರುದಿನ ನಾನೇ ಕೇಳಿದೆ. ಅಷ್ಟು ಹೊತ್ತು ಹೊರಗಿನಿಂದ ನೀರನ್ನು ದಿಟ್ಟಿಸಿದ ಮೇಲೆ ಅದರೊಳಗೆ ಏನಿದೆ ಎಂದು ನೋಡದೆ ಊರಿಗೆ ಹೋಗಲು ಮನಸ್ಸಾಗಲಿಲ್ಲ. ಎದೆಮಟ್ಟದ ನೀರು, ಕಾಲಡಿ ಮರಳು. ಮೈಮೇಲೆ ಚೂಡಿದಾರ, ಕಣ್ಣಿಗೆ ಗಾಜಿನ ಮುಖವಾಡ, ಬಾಯಲ್ಲಿ ಉಸಿರಾಟದ ಕೊಳವೆ. "ಬರೇ ಮಾರಿ ಮುಳಗಸು ಅವ್ವಾ, ಕಾಲು ನೆಲದ ಮ್ಯಾಲೇ ಇರ್ತಾವ" ಎಂದಳು. ಮೊದಲ ಸಲ ಉಪ್ಪುನೀರು ಕುಡಿದೆ. ಎರಡನೆಯ ಸಲ ನನ್ನ ಕೈಯೇ ತಾನಾಗಿ ಜಡೆ ಇರುತ್ತಿದ್ದ ಜಾಗಕ್ಕೆ ಹೋಯಿತು. ಮೂರನೆಯ ಸಲ ಉಸಿರು ಒಳಗೆ ಹೋಯಿತು, ಹೊರಗೆ ಬಂತು. ದುರ್ಗದ ಗುಡಿಯ ಛತ್ತಿನಲ್ಲಿ ಮೀನುಗಳೇ ಅರಗಳಾದ ಚಕ್ರವಿದೆ. ಮೀನನ್ನು ಕತ್ತೆತ್ತಿ ನೋಡಿ ಬೆಳೆದವಳು ನಾನು. ಬಗ್ಗಿ ನೋಡಿದ್ದು ಅದೇ ಮೊದಲು. ಒಂದು ಗಿಳಿಮೀನು ಹವಳವನ್ನು ಕಡಿಯುತ್ತಿತ್ತು. ಸದ್ದು ಕೇಳಿಸಿತು, ಖಡಕ್ ರೊಟ್ಟಿ ಮುರಿದ ಹಾಗೆ. ಅದು ತಿಂದು ಹೊರಹಾಕಿದ್ದೇ ಆ ದ್ವೀಪಗಳ ಬಿಳಿ ಮರಳು ಎಂದು ಆಮೇಲೆ ತಿಳಿದು ಕಾಲು ಝಾಡಿಸಿಕೊಂಡೆ.

ನಾನು ತೇಲುವ ಬಳೆ ಹಿಡಿದು ಸ್ವಲ್ಪ ಮುಂದಕ್ಕೂ ಹೋದೆ. ಮಗಳು ಕೆಳಗಿನಿಂದ ನನ್ನ ಫೋಟೋ ತೆಗೆದಳು. ಗುಂಡಗಿನ ಮೈ, ನಾಲ್ಕು ದಿಕ್ಕಿಗೆ ಚಾಚಿದ ಕೈಕಾಲು, ಸುತ್ತ ಬೆಳಕು. ಊರಿಗೆ ಬಂದ ಮೇಲೆ ಬಾದಾಮಿಯ ನನ್ನ ತಂಗಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಆಮಿ ಭಾಳ ಛಂದ ಬಂದದ ನೋಡಕ್ಕಾ" ಎಂದಳು.

ಹೌದು ಎಂದೆ.