ಹದಿನೆಂಟು ಬೈಟು ದಾಟಿದ ಮೇಲೆ

ಸಂಜೆ ಏಳು. ಕೆಳಗೆ ಉಸ್ಮಾನ್ ರಸ್ತೆಯಲ್ಲಿ ಸೀರೆ ಕೊಳ್ಳುವವರ ನೂಕುನುಗ್ಗಲು. ಟಿ. ನಗರದ ಈ ಎರಡನೇ ಮಹಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ನೀವು ಸೊಸೆಯ ಪಕ್ಕ ಕೂತಿದ್ದೀರಿ. ಮೇಜಿನ ಮೇಲೆ ಆರ್ಟಿ ಎಫ್‌ಪಿಜಿಎ ಬೋರ್ಡು. ಅದರಲ್ಲಿ ಐಐಟಿ ಮದ್ರಾಸಿನ ‘ಶಕ್ತಿ’ ಯೋಜನೆಯ 64 ಬಿಟ್ ರಿಸ್ಕ್-ಫೈವ್ ವಿನ್ಯಾಸ, ‘ವಜ್ರ’. ನಮ್ಮೂರ ಅಡ್ಯಾರ್ ಕಡೆಯಲ್ಲೇ ರೂಪುಗೊಂಡ ಪ್ರೊಸೆಸರಿಗೆ ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುವುದೆಂದರೆ ಸಣ್ಣ ಮಾತಲ್ಲ.

ಆಬ್ಜೆಕ್ಟ್ ಫೈಲುಗಳನ್ನು ಒಂದುಗೂಡಿಸುವ ಲಿಂಕರನ್ನು ಕರೆಯಲು ಅವಳು ‘ಎಲ್‌ಡಿ’ ಎಂದು ಒತ್ತುತ್ತಾಳೆ. ತಕ್ಷಣ ದೂರು: ‘ರಿಲೊಕೇಶನ್ಸ್ ಇನ್ ಜೆನೆರಿಕ್ ಇಎಲ್‌ಎಫ್ (ಇಎಂ: 243)’. ಕೊನೆಯಲ್ಲಿ, ‘ಫೈಲ್ ಇನ್ ರಾಂಗ್ ಫಾರ್ಮ್ಯಾಟ್’.

“ಈ 243 ಏನಮ್ಮಾ?”

“ತೋರಿಸ್ತೀನಿ ಇರಿ ಮಾವ.”

ಆಬ್ಜೆಕ್ಟ್ ಫೈಲಿನ ಬೈಟುಗಳು ಪರದೆಗೆ ಬರುತ್ತವೆ. 7ಎಫ್ 45 4ಸಿ 46: ಇದು ಇಎಲ್‌ಎಫ್ ಎಂಬ ಫೈಲ್ ಫಾರ್ಮ್ಯಾಟಿನ ಗುರುತು. ಮುಂದಿನ 02 ಅಂದರೆ 64 ಬಿಟ್; 01 ಅಂದರೆ ಲಿಟಲ್ ಎಂಡಿಯನ್. ಅವಳ ಬೆರಳು ಹದಿನೆಂಟು ಬೈಟು ದಾಟಿ ನಿಲ್ಲುತ್ತದೆ: ಎಫ್3 00. ದಶಮಾಂಶದಲ್ಲಿ 243, ರಿಸ್ಕ್-ಫೈವ್. ಲ್ಯಾಪ್‌ಟಾಪಿನ ಎಕ್ಸ್86-64 ಆಗಿದ್ದರೆ ಅಲ್ಲಿ 62 ಇರುತ್ತಿತ್ತು. ಲಿಂಕರ್ ಫೈಲಿನ ಒಳಗಿನ ಸೂಚನೆಗಳನ್ನು ಓದಿ ಯಂತ್ರ ಯಾವುದೆಂದು ಊಹಿಸುವುದಿಲ್ಲ. ಈ ಎರಡು ಬೈಟುಗಳನ್ನು ನಂಬುತ್ತದೆ.

ಗ್ನೂ ಎಲ್‌ಡಿಗೆ ‘-ಎಂ’ ಆಯ್ಕೆ ಕೊಡದಿದ್ದರೆ, ಎನ್ವಿರಾನ್‌ಮೆಂಟಿನಲ್ಲೂ ಏನನ್ನೂ ಹೇಳದಿದ್ದರೆ, ಅದನ್ನು ಕಟ್ಟಿದಾಗ ನಿಗದಿಯಾದ ಯಂತ್ರವೇ ಅದರ ಗುರಿ. ಈ ಲ್ಯಾಪ್‌ಟಾಪಿನದಕ್ಕೆ ರಿಸ್ಕ್-ಫೈವ್ ಗೊತ್ತೇ ಇಲ್ಲ. ಇಎಲ್‌ಎಫ್ ಎಂದು ಗುರುತಿಸಿತು, ವಿಳಾಸಗಳನ್ನು ಹೇಗೆ ತಿದ್ದಬೇಕೆಂದು ತಿಳಿಯದೆ ಕೈಬಿಟ್ಟಿತು. ಎಲ್‌ಎಲ್‌ವಿಎಂನ ಎಲ್‌ಎಲ್‌ಡಿ ಬೇರೆ ಥರ: ‘-ಎಂ’ ಇಲ್ಲದಿದ್ದರೆ ಮೊದಲ ಆಬ್ಜೆಕ್ಟ್ ಫೈಲಿನಿಂದಲೇ ಗುರಿ ಹಿಡಿಯುತ್ತದೆ, ಹೊಂದದ ಫೈಲು ಆಮೇಲೆ ಬಂದರೆ ತಿರಸ್ಕರಿಸುತ್ತದೆ. ಅನುಕೂಲವೇನೋ ಹೌದು. ಆದರೂ ಲಿಂಕರನ್ನು ನೇರವಾಗಿ ಕರೆಯದೆ ಗುರಿಯ ಯಂತ್ರಕ್ಕಾಗಿಯೇ ಇರುವ ಜಿಸಿಸಿ ಕಂಪೈಲರ್ ಮೂಲಕವೇ ಕರೆಯುವುದು ಮೇಲು. ಸರಿಯಾದ ‘-ಎಂ’ ಅನ್ನು ಅದೇ ಸೇರಿಸಿ ಕಳಿಸುತ್ತದೆ.

ಅವಳು ಹಾಗೇ ಮಾಡುತ್ತಾಳೆ. ಈಗ ಬೇರೆ ತಕರಾರು: ಡಬಲ್-ಫ್ಲೋಟ್ ಫೈಲನ್ನು ಸಾಫ್ಟ್-ಫ್ಲೋಟ್ ಫೈಲಿನೊಂದಿಗೆ ಸೇರಿಸಲಾಗದು. ಎರಡರಲ್ಲೂ 243 ಇದೆ. ಹೆಡರಿನ ಫ್ಲ್ಯಾಗುಗಳು ಮಾತ್ರ ಬೇರೆ. ಒಂದು ದಶಾಂಶ ಸಂಖ್ಯೆಗಳನ್ನು ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರಿನಲ್ಲಿ ಕಳಿಸುತ್ತದೆ, ಇನ್ನೊಂದು ಪೂರ್ಣಾಂಕದ ರಿಜಿಸ್ಟರಿನಲ್ಲಿ ಹುಡುಕುತ್ತದೆ. ಲಿಂಕರ್ ತಡೆಯದಿದ್ದರೆ ಪ್ರೋಗ್ರಾಂ ಓಡುತ್ತಿತ್ತು, ಲೆಕ್ಕ ಮಾತ್ರ ತಪ್ಪಾಗಿ ಬರುತ್ತಿತ್ತು. ಇಂಥದ್ದನ್ನು ಬೋರ್ಡಿನ ಮೇಲೆ ಹುಡುಕುವುದು ನರಕಯಾತನೆ.

“ಜೊತೆಗೆ ಸೇರಿಸಿದ ಲೈಬ್ರರಿ ಎಲ್‌ಪಿ64, ಅಂದರೆ ಸಾಫ್ಟ್-ಫ್ಲೋಟ್ ಮಾವ, ನನ್ನದು ಎಲ್‌ಪಿ64ಡಿ, ಡಬಲ್-ಫ್ಲೋಟ್,” ಎನ್ನುತ್ತಾ ತನ್ನ ಫೈಲನ್ನೇ ಎಲ್‌ಪಿ64ಕ್ಕೆ ಇಳಿಸಿ ಮತ್ತೆ ಕಂಪೈಲ್‌ಗೆ ಕೊಡುತ್ತಾಳೆ. ಈ ಸಲ ದೂರಿಲ್ಲ.