ವ್ಯಸನದ ಎರಡನೆಯ ಅರ್ಥ

ಕಾಲೇಜಿನಲ್ಲಿ ಯಾರಿಗೂ ಬೇಡವಾದ ಕೆಲಸ ಕೊನೆಗೆ ಕನ್ನಡ ಅಧ್ಯಾಪಕನ ಮೇಜಿಗೆ ಬಂದು ಸೇರುವುದು ಒಂದು ಸಂಪ್ರದಾಯ. ರಾಜ್ಯೋತ್ಸವದ ಕರೆಯೋಲೆಯ ಕರಡು ತಿದ್ದುವುದು, ಮುಖ್ಯ ಅತಿಥಿಗಳನ್ನು ಪರಿಚಯಿಸುವುದು, ನಿವೃತ್ತರಾದವರಿಗೆ ಬಿನ್ನವತ್ತಳೆ ಬರೆಯುವುದು—ಇವೆಲ್ಲ ನನಗೆ ರೂಢಿಯಾಗಿವೆ. ಈ ವರ್ಷ ಇವುಗಳ ಜೊತೆಗೆ ಮಾದಕವಸ್ತು ವಿರೋಧಿ ಸಮಿತಿಯೂ ಬಂದು ಸೇರಿತು. “ಎರಡು ದಿನದ ತರಬೇತಿ ಇದೆ, ಹೋಗಿಬನ್ನಿ. ಊಟದ ವ್ಯವಸ್ಥೆ ಅವರದೇ” ಎಂದರು ಪ್ರಾಂಶುಪಾಲರು.

ವ್ಯಸನದ ವಿಷಯವನ್ನು ನನಗೆ ಯಾರೂ ಕಲಿಸಬೇಕಾದ್ದಿಲ್ಲವೆಂದೇ ಭಾವಿಸಿ ಹೋದೆ. ಹಳಗನ್ನಡ ಪಾಠ ಹೇಳುವವನಿಗೆ ಸಪ್ತವ್ಯಸನಗಳು ಬಾಯಿಪಾಠ: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರದಾರಗಮನ. ಎಂಟನೆಯದಾಗಿ ಈ ಹೊಸ ಪುಡಿಯನ್ನೂ ಪಟ್ಟಿಗೆ ಸೇರಿಸಿಕೊಂಡರಾಯಿತು, ಅಷ್ಟೆ ತಾನೆ?

ನನ್ನ ಎಡಕ್ಕೆ 108 ಆಂಬುಲೆನ್ಸಿನ ಯುವಕ, ಬಲಕ್ಕೆ ಒಬ್ಬ ಪೊಲೀಸ್ ಪೇದೆ, ಮುಂದೆ ಇಬ್ಬರು ನರ್ಸುಗಳು, ಹಿಂದೆ ಹಾಸ್ಟೆಲಿನ ವಾರ್ಡನ್. ಪಾಠ ಹೇಳಿದವರು ಐವತ್ತು ದಾಟಿದ ಒಬ್ಬ ದಾದಿ. ಅಫೀಮಿನ ಜಾತಿಯ ಪದಾರ್ಥಗಳು ಮನುಷ್ಯನನ್ನು ಮಂಪರಿಗೆ ತಳ್ಳಿದರೆ ಕೊಕೇನು, ಆಂಫೆಟಮಿನ್, ಮೆಥಾಂಫೆಟಮಿನ್ ಮುಂತಾದ ಉತ್ತೇಜಕಗಳು ಅವನನ್ನು ಕೂರಗೊಡುವುದಿಲ್ಲ. ಮಿದುಳಿನಲ್ಲಿ ಡೋಪಮಿನ್ ಉಕ್ಕುತ್ತದೆ. ನಿದ್ದೆ ಹೋಗುತ್ತದೆ, ಹಸಿವು ಹೋಗುತ್ತದೆ, ಗುಂಡಿಗೆ ಓಡುತ್ತದೆ. ಕೆಲವರಿಗೆ ಯಾರೋ ಬೆನ್ನಟ್ಟಿ ಬರುತ್ತಿದ್ದಾರೆಂಬ ಭಯ ಹುಟ್ಟುತ್ತದೆ. ಅಮಲು ಇಳಿದ ಮೇಲೆ ಎಚ್ಚರವಿಲ್ಲದ ನಿದ್ದೆ, ಆಳವಾದ ಖಿನ್ನತೆ. ಸಾಯಬೇಕೆಂಬ ಯೋಚನೆ ಬರಬಹುದಾದ ಹೊತ್ತು ಅದು. ಅಫೀಮಿನ ಚಟಕ್ಕೆ ಬ್ಯೂಪ್ರೆನಾರ್ಫಿನ್, ಮೆಥಡೋನ್ ಎಂಬ ಮದ್ದುಗಳುಂಟು. ಉತ್ತೇಜಕಗಳ ಚಟಕ್ಕೆಂದೇ ಮಂಜೂರಾದ ಔಷಧಿ ಇನ್ನೂ ಒಂದೂ ಇಲ್ಲ. “ಆದ್ದರಿಂದಲೇ ನಿಮ್ಮನ್ನು ಕರೆಸಿದ್ದು. ಇಲ್ಲಿ ನಾವು ನಡೆದುಕೊಳ್ಳುವ ರೀತಿಯೇ ಅರ್ಧ ಮದ್ದು” ಎಂದರು.

ಮಧ್ಯಾಹ್ನ ಒಂದು ನಾಟಕ ಆಡಿಸಿದರು. ಆಂಬುಲೆನ್ಸಿನ ಯುವಕ ಮೂರು ರಾತ್ರಿ ನಿದ್ದೆಗೆಟ್ಟ ಹುಡುಗ. ನಾನು ಅವನ ಅಧ್ಯಾಪಕ. ಪಾತ್ರ ಸುಲಭವೆಂದು ಎದ್ದೆ. “ಏನಯ್ಯಾ ಇದು ನಿನ್ನ ಅವತಾರ? ಹೆತ್ತವರ ಮುಖವನ್ನಾದರೂ ನೆನೆದುಕೊಳ್ಳಬಾರದೆ?” ಎಂದು ಆರಂಭಿಸಿದೆ. ಹುಡುಗ ಗೋಡೆಯ ಕಡೆ ಸರಿದ. ನಾನು ಎರಡು ಹೆಜ್ಜೆ ಮುಂದೆ ಹೋದೆ. ದಾದಿ ಕೈಯೆತ್ತಿ ನಿಲ್ಲಿಸಿದರು. “ಮೇಷ್ಟ್ರೇ, ಅವನಿಗೆ ಹೊರಗೆ ಹೋಗಲು ದಾರಿ ಎಲ್ಲಿ ಬಿಟ್ಟಿದ್ದೀರಿ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಮಾತುಗಳನ್ನು ನಾಲ್ಕು ವರ್ಷಗಳ ಹಿಂದೆ ಒಬ್ಬ ನಿಜವಾದ ಹುಡುಗನಿಗೆ ಆಡಿದ್ದೆ. ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿ, ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಅವನಷ್ಟು ಚುರುಕಾದವರು ತರಗತಿಯಲ್ಲಿರಲಿಲ್ಲ. ಪರೀಕ್ಷೆಯ ಹೊತ್ತಿಗೆ ಅವನ ಕಣ್ಣು ಕೆಂಪಾಗಿತ್ತು, ಅಂಗಿ ಮೈಮೇಲೆ ಜೋಲುತ್ತಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಹತ್ತು ಜನರ ಎದುರಿನಲ್ಲಿ ಬೈದೆ. ಮರುದಿನದಿಂದ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುತ್ತ ಹೋದೆ. ನನ್ನ ಕರ್ತವ್ಯ ಅಲ್ಲಿಗೆ ಮುಗಿದಿತ್ತು.

ಹಾಗಾದರೆ ಮಾಡತಕ್ಕದ್ದೇನು? ಗುಂಪು ಚದುರಿಸಬೇಕು. ಬೆಳಕು, ಸದ್ದು ತಗ್ಗಿಸಬೇಕು. ನಮ್ಮ ಹೆಸರು ಹೇಳಿ, ಸಣ್ಣ ವಾಕ್ಯಗಳಲ್ಲಿ ಮೆಲ್ಲಗೆ ಮಾತನಾಡಬೇಕು. ಮೈ ಕಾದಿದ್ದರೆ ತಣ್ಣೀರಿನ ಬಟ್ಟೆ. ಎದೆನೋವು, ಸೆಳವು ಕಂಡರೆ ತಡಮಾಡದೆ ಆಸ್ಪತ್ರೆ. ಮಕಾಡೆ ಕೆಡವಿ ಬೆನ್ನಮೇಲೆ ಕೂರಕೂಡದು, ಉಸಿರು ನಿಂತೀತು. ಈ ಕೊನೆಯ ಮಾತನ್ನು ಪೇದೆ ಬರೆದುಕೊಂಡು ಅಡಿಗೆರೆ ಎಳೆದ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ 1985ರ ಕಾಯಿದೆಯ 64ಎ ಕಲಮಿನಲ್ಲಿ ಅವನಿಗೆ ರಕ್ಷಣೆಯುಂಟೆಂದು ನಮಗೆ ತಿಳಿಸಿದವನೂ ಅವನೇ.

ಎರಡನೆಯ ದಿನ ದಾದಿ ಹೊರದೇಶದ ಒಂದು ಸಂಗತಿ ಹೇಳಿದರು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಹಿಗ್ಗಿನ್ಸ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಕೊಕೇನು ವ್ಯಸನಿಗಳ ಮೇಲೆ ಪ್ರಯೋಗಿಸಿದ ಕ್ರಮ ಅದು. ಮೂತ್ರಪರೀಕ್ಷೆಯಲ್ಲಿ ಕೊಕೇನಿನ ಸುಳಿವಿಲ್ಲದಿದ್ದರೆ ಒಂದು ಚೀಟಿ; ಅದಕ್ಕೆ ಉಪಯುಕ್ತ ಸಾಮಾನು ಸಿಗುತ್ತದೆ. ಸತತವಾಗಿ ಗೆದ್ದಷ್ಟೂ ಚೀಟಿಯ ಬೆಲೆ ಏರುತ್ತದೆ; ತಪ್ಪಿದರೆ ಮತ್ತೆ ಮೊದಲಿನಿಂದ. ಉತ್ತೇಜಕಗಳ ಚಟಕ್ಕೆ ಇಂದಿಗೂ ಹೆಚ್ಚು ಫಲ ಕೊಟ್ಟಿರುವುದು ಈ ಕ್ರಮವೇ ಅಂತೆ.

“ಹುಟ್ಟಿದಾಗಿನಿಂದ ಒಂದು ಬೀಡಿ ಸೇದದ ನನಗೆ ಯಾರು ಚೀಟಿ ಕೊಟ್ಟರು, ಮೇಡಂ?” ಎಂದ ಪೇದೆ. ನನಗೂ ಅದೇ ಪ್ರಶ್ನೆಯಿತ್ತು. ದಾದಿ ನನ್ನ ಕಡೆ ತಿರುಗಿದರು. “ತರಗತಿಗೆ ಬಂದವರಿಗೆ ನೀವು ಹಾಜರಿಯ ಅಂಕ ಕೊಡುವುದಿಲ್ಲವೆ, ಮೇಷ್ಟ್ರೇ? ಬರುವುದು ಅವರ ಕರ್ತವ್ಯವೇ ತಾನೆ?”

ಹಿಂದಿರುಗುವಾಗ ಬಸ್ಸಿನಲ್ಲಿ ಆ ಶಬ್ದ ಮನಸ್ಸಿಗೆ ಬಂತು. ನಿಘಂಟಿನಲ್ಲಿ ವ್ಯಸನಕ್ಕೆ ಚಟವೆಂಬ ಅರ್ಥವುಂಟು. ದುಃಖವೆಂಬ ಅರ್ಥವೂ ಉಂಟು. ಸಾವಿನ ಮನೆಗೆ ಹೋದಾಗ “ವ್ಯಸನಪಡಬೇಡಿ” ಎನ್ನುತ್ತೇವಲ್ಲ, ಅದೇ. ಇಷ್ಟು ವರ್ಷ ಮೊದಲನೆಯ ಅರ್ಥವನ್ನೇ ಪಾಠ ಹೇಳಿದ್ದೆ.

ಮರುದಿನ ಹಳೆಯ ಪ್ರವೇಶಪತ್ರ ಹುಡುಕಿ ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಅವನ ತಾಯಿ ಎತ್ತಿಕೊಂಡರು. ನನ್ನ ಹೆಸರು ಹೇಳಿದ ಮೇಲೆ ತುಸು ಹೊತ್ತು ಮಾತಿಲ್ಲ.

“ಮಲಗಿದಾನೆ ಸಾರ್. ನಿನ್ನೆಯಿಂದ ಮಲಗೇ ಇದಾನೆ. ಎಬ್ಬಿಸಲಾ?”

ಅದು ಯಾವ ನಿದ್ದೆಯೆಂಬುದನ್ನು ಮೊನ್ನೆಯಷ್ಟೇ ಕಲಿತಿದ್ದೆ.

“ಉಸಿರಾಟ ಸರಿಯಾಗಿದೆಯೇ, ಕೂಗಿದರೆ ಓಗೊಡುತ್ತಾನೆಯೇ, ನೋಡಿಬನ್ನಿ ಅಮ್ಮಾ. ಇಲ್ಲವಾದರೆ ಈಗಲೇ 108ಕ್ಕೆ ಹೇಳಿ” ಎಂದೆ.

ಹೋಗಿಬಂದರು. “ಹೂಂ ಅಂದು ಮಗ್ಗುಲಾದ ಸಾರ್.”

“ಹಾಗಾದರೆ ಮಲಗಲಿ. ಎದ್ದ ಮೇಲೆ ಊಟಕ್ಕಿಡಿ. ಒಬ್ಬನನ್ನೇ ಬಿಡಬೇಡಿ. ನಾಳೆ ನಾನು ಬರುತ್ತೇನೆ. ಬೈಯುವುದಕ್ಕಲ್ಲವೆಂದು ಅವನಿಗೆ ಹೇಳಿ.”